ಬಸವನ ಪಾದದಿಂದ ಹೊರಟ ಹಳ್ಳ

ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣ ಕುಳಿತಿರುವ ಗುಡ್ಡದ ಮೇಲೆ ಬಿದ್ದ ಮಳೆನೀರು ಪಡುವಣಕ್ಕೆ ಇಳಿಯುತ್ತದೆ. ಅಲ್ಲಿಂದ ಸುಮಾರು 2 ಕಿಲೋಮೀಟರ್ ಮೂಡಣಕ್ಕಿರುವ ಲಾಲ್‌ಬಾಗ್ ಕೆರೆಗೆ ಬಿದ್ದ ನೀರಿನ ದಾರಿಯೇ ಬೇರೆ. ಮೊದಲನೆಯದು ವೃಷಭಾವತಿ ಹಳ್ಳ ಸೇರಿ ಅರ್ಕಾವತಿಗೆ ಹೋಗಿ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಎರಡನೆಯದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಅರ್ಕಾವತಿ, ಪಿನಾಕಿನಿ ಎರಡೂ ನಂದಿಬೆಟ್ಟಗಳ ಸಾಲಿನಲ್ಲೇ ಹುಟ್ಟಿದವು. ಆದರೂ ಒಂದರ ನೀರು ಪೂಂಪುಹಾರಿನಲ್ಲಿ, ಇನ್ನೊಂದರದು ಕಡಲೂರಿನ ಬಳಿ ಸಮುದ್ರ ಕಾಣುತ್ತದೆ.

ಈ ಪಾಲು ಮಾಡುವುದು ನಗರದ ನಡುವೆ ಹಾದುಹೋಗುವ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ನೆಲದ ಏಣು. ಅದರ ಒಂದು ಮಗ್ಗುಲಲ್ಲಿ ಬಿದ್ದ ಮಳೆಯೆಲ್ಲ ಒಂದೇ ಹಳ್ಳಕ್ಕೆ ಹರಿದುಬರುವಷ್ಟು ನೆಲವೇ ಆ ಹಳ್ಳದ ಜಲಾನಯನ.

ಬಸವನ ಪಾದದಲ್ಲಿ ಹುಟ್ಟಿದ್ದರಿಂದಲೇ ವೃಷಭಾವತಿ ಎಂಬ ಹೆಸರು ಬಂತೆಂದು ಜನ ನಂಬಿದ್ದಾರೆ. ಇಂಥ ಗುಡ್ಡದ ಬುಡದಲ್ಲಿ ಒರತೆ ಏಳುವುದಕ್ಕೆ ಭೂವಿಜ್ಞಾನದಲ್ಲೂ ಕಾರಣವಿದೆ. ಬೆಂಗಳೂರಿನ ತಳದಲ್ಲಿರುವುದು ಗಟ್ಟಿಯಾದ ನೈಸ್ ಶಿಲೆ. ಅದರ ಮೇಲಿನ ಶಿಥಿಲ ಕಲ್ಲು, ಮಣ್ಣಿನ ಪದರ ಮಳೆಯನ್ನು ಹೀರಿಕೊಳ್ಳುತ್ತದೆ. ಬಂಡೆಯನ್ನು ದಾಟಿ ಕೆಳಕ್ಕೆ ಹೋಗಲಾರದ ನೀರು ಇಳಿಜಾರಿನುದ್ದಕ್ಕೂ ಜಿನುಗಿ ತಗ್ಗಿನಲ್ಲಿ ಹೊರಬರುತ್ತದೆ. ಹಿಂದಿನವರು ಈ ಇಳಿಜಾರಿಗೆ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಹಾಗಾಗಿ ಮಳೆ ನಿಂತ ಮೇಲೂ ನೀರು ಊರಿನಲ್ಲೇ ತಂಗುತ್ತಿತ್ತು. ಗವಿಪುರದ ಕೆಂಪಾಂಬುಧಿ ಈ ಕಣಿವೆಯದೇ ಕೆರೆ.

ಈಗ ಆ ನೆಲದ ಬಹುಪಾಲನ್ನು ಕಾಂಕ್ರೀಟು, ಡಾಂಬರು ಮುಚ್ಚಿವೆ. ಮಣ್ಣಿಗಿಳಿಯಲಾಗದ ಮಳೆ ಒಟ್ಟಿಗೇ ರಾಜಕಾಲುವೆಗೆ ನುಗ್ಗುತ್ತದೆ. ಒಂದೇ ಗಂಟೆಯ ಜೋರು ಮಳೆಗೆ ತಗ್ಗಿನ ಮನೆಗಳಲ್ಲಿ ನೀರು ನಿಲ್ಲುವುದು ಇದರಿಂದಲೇ.

ಮಳೆಯಿಲ್ಲದ ಬೇಸಿಗೆಯಲ್ಲೂ ವೃಷಭಾವತಿ ಬತ್ತುವುದಿಲ್ಲ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಸುಮಾರು 500 ಮೀಟರ್ ಮೇಲೆತ್ತಿ ಬೆಂಗಳೂರಿಗೆ ತರುತ್ತೇವೆ. ಕುಡಿದು, ತೊಳೆದು, ಮಿಂದು ಬಿಟ್ಟ ನೀರಲ್ಲಿ ದೊಡ್ಡ ಪಾಲು ಈ ಹಳ್ಳಕ್ಕೆ ಇಳಿಯುತ್ತದೆ. ಜೊತೆಗೆ ಕಾರ್ಖಾನೆಗಳ ಕೊಳೆಯೂ ಸೇರುತ್ತದೆ. ಸಾಬೂನು, ಮಾರ್ಜಕಗಳ ಅಂಶ ನೀರಿನ ಮೇಲ್ಮೈಯ ಬಿಗಿತವನ್ನು ಸಡಿಲಿಸುತ್ತದೆ. ಅಂಥ ನೀರು ಎತ್ತರದಿಂದ ಧುಮುಕಿದಾಗ ಗಾಳಿ ಬೆರೆತು ನೊರೆ ಏಳುತ್ತದೆ. ಬಿಡದಿ ಸಮೀಪದ ಬೈರಮಂಗಲ ಕೆರೆಗೆ ಬಂದು ನಿಲ್ಲುವುದು ಈ ನೀರೇ. ಸುತ್ತಲ ರೈತರ ಹೊಲಗಳಿಗೆ ಹಾಯುವುದೂ ಇದೇ. ಕೊನೆಗೆ ಕಾವೇರಿಯಿಂದ ಎತ್ತಿದ್ದು ಕೊಳೆಯಾಗಿ ಕಾವೇರಿಗೇ ಮರಳುತ್ತದೆ.

ಹಳ್ಳವನ್ನು ಉಳಿಸುವ ಕೆಲಸ ಅದರ ದಂಡೆಯಲ್ಲಿ ಶುರುವಾಗುವುದಿಲ್ಲ, ಏಣಿನ ಮೇಲಿನ ಮನೆಗಳಲ್ಲಿ ಶುರುವಾಗಬೇಕು. ಮಾಳಿಗೆಯ ಮಳೆ ಇಂಗುಗುಂಡಿಗೆ ಇಳಿಯಲಿ, ಬಚ್ಚಲ ನೀರು ಶುದ್ಧವಾದ ಮೇಲಷ್ಟೇ ಕಾಲುವೆ ಸೇರಲಿ. ನಾವು ಚೆಲ್ಲಿದ ನೀರಿಗೆ ಬೈರಮಂಗಲದ ಹೊಲದ ದಾರಿ ಗೊತ್ತಿದೆ. ನಮಗೂ ಗೊತ್ತಿರಬೇಕು.