ಸ್ಲೇಟು, ಬಳಪ ಮತ್ತು ಜೋಶಿಮಠದ ಒಂದು ಕಲ್ಲು

ಒಂದನೇ ಕ್ಲಾಸಲ್ಲಿ ಕಲ್ಲಿನ ಸ್ಲೇಟು, ಕಲ್ಲಿನ ಬಳಪ ಹಿಡಿದಿದ್ರಾ? ಹಾಗಿದ್ರೆ ಎರಡು ರೂಪಾಂತರ ಶಿಲೆಗಳನ್ನ ನೀವು ಆಗಲೇ ಮುಟ್ಟಿದ್ದೀರಿ. ನನಗಿದು ಹೊಳೆದದ್ದು ಔಲಿ ಟ್ರೆಕ್‌ಗೆ ಅಂತ ಜೋಶಿಮಠಕ್ಕೆ ಹೋದಾಗ.

ಹೇಲಂಗ್ ದಾಟಿ ಚಹಾಕ್ಕೆ ಗಾಡಿ ನಿಲ್ಲಿಸಿದ್ವಿ. ರಸ್ತೆ ಬದಿ ಬಿದ್ದಿದ್ದ ಕಲ್ಲೊಂದು ಬಿಸಿಲಿಗೆ ಮಿರಮಿರ ಮಿಂಚ್ತಿತ್ತು. ಅದರ ತುಂಬಾ ಕಾಗೆಬಂಗಾರ, ನಡುನಡುವೆ ಸಾಸಿವೆ ಕಾಳಿನಷ್ಟು ಕೆಂಪು ಗಾರ್ನೆಟ್. ಉಗುರಿನಿಂದ ಕೆರೆದರೆ ವೀಳ್ಯದೆಲೆ ಕಟ್ಟಿನ ಥರ ಪದರ ಬಿಡ್ತಿತ್ತು.

ಈ ಕಲ್ಲು ಒಂದು ಕಾಲಕ್ಕೆ ನೀರಿನ ತಳದ ಕೆಸರು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಆ ಒತ್ತುವಿಕೆ ಇವತ್ತಿಗೂ ನಿಂತಿಲ್ಲ. ನಡುವೆ ಸಿಕ್ಕ ಬಂಡೆಗಳು ಮಡಚಿಕೊಂಡು ಹತ್ತಾರು ಕಿಲೋಮೀಟರ್ ಆಳಕ್ಕೆ ಹೋದವು. ಅಲ್ಲಿ ವಿಪರೀತ ಬಿಸಿ, ಮೇಲಿಂದ ಭಾರ. ಆದರೂ ಕಲ್ಲು ಕರಗಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಕರಗುತ್ತಾ? ಇಲ್ಲ, ಬೇಯುತ್ತೆ. ಇದೂ ಹಾಗೇ. ಜೇಡಿಕಲ್ಲು ಮೊದಲು ಸ್ಲೇಟ್ ಆಗುತ್ತೆ, ಇನ್ನೂ ಬೆಂದರೆ ಶಿಸ್ಟ್, ಮತ್ತೂ ಬೆಂದರೆ ನೈಸ್. ಒತ್ತಡಕ್ಕೆ ಕಾಗೆಬಂಗಾರದ ಹಾಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿಬಿಡುತ್ತವೆ. ಪದರ ಬರೋದು ಅದರಿಂದಲೇ.

ನಮ್ಮ ಆಫೀಸ್ ಭಾಷೇಲಿ ಹೇಳೋದಾದ್ರೆ ಖನಿಜಗಳೇ ಕಲ್ಲಿನ ಲಾಗ್ ಫೈಲ್. ಗಾರ್ನೆಟ್ ಕಂಡರೆ ಕಲ್ಲು ಸುಮಾರು 500 ಡಿಗ್ರಿ ಬಿಸಿ ನೋಡಿದೆ ಅಂತ ಅಂದಾಜು. ಸಿಲಿಮನೈಟ್ ಕಂಡರೆ ಇನ್ನೂ ಹೆಚ್ಚು.

ಇಲ್ಲೊಂದು ತಮಾಷೆಯಿದೆ. ಆಳದ ಕಲ್ಲು ತಾನೇ ಹೆಚ್ಚು ಬೆಂದಿರಬೇಕು? ಇಲ್ಲಿ ಉಲ್ಟಾ. ಕಣಿವೆಯಿಂದ ಬೆಟ್ಟ ಹತ್ತಿದಂತೆ ಹೆಚ್ಚು ಬೆಂದ ಕಲ್ಲು ಸಿಗುತ್ತೆ. ಆಳದಲ್ಲಿ ಬೆಂದ ಬಂಡೆಯ ದೊಡ್ಡ ಹಾಸೊಂದು ಜಾರಿ ಮೇಲೆ ಬಂದು, ಕಡಿಮೆ ಬೆಂದದ್ದರ ಮೇಲೆ ಕೂತಿದೆ. ಆ ಜಾರುಪಟ್ಟಿಗೆ ಮೇನ್ ಸೆಂಟ್ರಲ್ ಥ್ರಸ್ಟ್ ಅಂತ ಹೆಸರು. ಅದು ಹಾಯೋದು ಇದೇ ಹೇಲಂಗ್–ಜೋಶಿಮಠ ಭಾಗದಲ್ಲಿ.

ಅಂಥ ಜಾಗದಲ್ಲಿ ಬಂಡೆ ನುಚ್ಚುನೂರು. ಸಾಲದ್ದಕ್ಕೆ ಜೋಶಿಮಠ ನಿಂತಿರೋದು ಹಳೆಯ ಭೂಕುಸಿತದ ಮಣ್ಣು–ಬಂಡೆಗಳ ರಾಶಿ ಮೇಲೆ. ಇಲ್ಲಿ ಭಾರೀ ಕಟ್ಟಡ ಬೇಡ, ಇಳಿಜಾರಿನ ಬಂಡೆ ಕೀಳಬೇಡಿ ಅಂತ ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕು ಬಿಟ್ಟವು, ಜನ ಮನೆ ಖಾಲಿ ಮಾಡಬೇಕಾಯ್ತು.

ಕಲ್ಲನ್ನ ಬ್ಯಾಗಿಗೆ ಹಾಕ್ಕೊಳ್ಳೋದಾ ಬೇಡವಾ ಅಂತ ನಾನು ಯೋಚಿಸ್ತಿದ್ದೆ. ಡ್ರೈವರ್ ಅಣ್ಣ ನಕ್ಕ. "ಇಟ್ಕೊಳ್ಳಿ ಸಾಬ್, ಇಲ್ಲಿ ದಿನಾ ಬೀಳ್ತಾನೇ ಇರ್ತವೆ" ಅಂತ ಹಿಂದಿಯಲ್ಲಿ ಹೇಳಿದ. ಆಮೇಲೆ ಫೋನ್ ತೆಗೆದು ಅವನ ಮನೆ ಗೋಡೆಯ ಫೋಟೋ ತೋರಿಸಿದ. ಬಿರುಕಿನೊಳಗೆ ಕೈ ತೂರಿಸಬಹುದಿತ್ತು.

ಬೆಂಗಳೂರಿಗೆ ಬಂದ ಮೇಲೆ ಲಾಲ್‌ಬಾಗಿಗೆ ಹೋದೆ. ಅಲ್ಲಿನ ಬಂಡೆಯೂ ನೈಸ್, ವಯಸ್ಸು ಸುಮಾರು 300 ಕೋಟಿ ವರ್ಷ. ಬೇಲೂರು–ಹಳೇಬೀಡಿನ ಶಿಲ್ಪಗಳ ಬಳಪದ ಕಲ್ಲೂ ರೂಪಾಂತರ ಶಿಲೆಯೇ. ನಮ್ಮ ಕಾಲಡಿಯ ಕಲ್ಲು ಬೆಂದು, ತಣಿದು, ಗಟ್ಟಿಯಾಗಿ ಕೂತು ಯುಗಗಳೇ ಕಳೆದಿವೆ. ಬಂಡೆ ಮೇಲೆ ನಿಶ್ಚಿಂತೆಯಿಂದ ಸೆಲ್ಫಿ ತಗೊಳ್ತಿದ್ದವರನ್ನ ನೋಡ್ತಾ ನಿಂತೆ. ಆ ಗೋಡೆಯ ಫೋಟೋ ಮಾತ್ರ ಕಣ್ಣಿಂದ ಹೋಗಲಿಲ್ಲ.