ಡ್ರಮ್ ಯಂತ್ರ

ಡ್ರಮ್ ಯಂತ್ರವು ಡ್ರಮ್ ಮತ್ತು ಇತರ ತಾಳವಾದ್ಯಗಳ ಧ್ವನಿಯನ್ನು ಉತ್ಪಾದಿಸಿ, ಮೊದಲೇ ಜೋಡಿಸಿಟ್ಟ ಲಯವಿನ್ಯಾಸಗಳನ್ನು ತಾನಾಗಿಯೇ ನುಡಿಸುವ ಒಂದು ಎಲೆಕ್ಟ್ರಾನಿಕ್ ವಾದ್ಯ. ಆರ್ಕೆಸ್ಟ್ರಾಗಳಲ್ಲಿ ಕೋಲಿನಿಂದ ಬಾರಿಸುವ ರಿದಂ ಪ್ಯಾಡ್‌ಗಿಂತ ಇದು ಭಿನ್ನ. ಪ್ಯಾಡನ್ನು ನುಡಿಸಲು ವಾದಕನು ಬೇಕು. ಡ್ರಮ್ ಯಂತ್ರಕ್ಕೆ ವಿನ್ಯಾಸವನ್ನು ಒಮ್ಮೆ ತುಂಬಿದರೆ ಸಾಕು. ನಿಜವಾದ ಡ್ರಮ್ ಸೆಟ್ಟಿನ ಧ್ವನಿಮುದ್ರಣಕ್ಕೆ ದೊಡ್ಡ ಕೋಣೆ, ಹಲವು ಮೈಕ್‌ಗಳು ಹಾಗೂ ನೆರೆಹೊರೆಯವರ ಸಹನೆ ಬೇಕಾಗುವುದರಿಂದ, ಮನೆಯಲ್ಲಿ ಒಬ್ಬರೇ ಹಾಡು ಮುದ್ರಿಸುವವರಿಗೆ ಈ ಯಂತ್ರವು ಬಹು ಉಪಯುಕ್ತವಾಗಿದೆ.

ಇತಿಹಾಸ

1959ರಲ್ಲಿ ಅಮೆರಿಕದ ವುರ್ಲಿಟ್ಜರ್ ಸಂಸ್ಥೆಯು ಹೊರತಂದ ಸೈಡ್‌ಮ್ಯಾನ್ ಆರಂಭಿಕ ವಾಣಿಜ್ಯ ಯಂತ್ರಗಳಲ್ಲಿ ಒಂದು. ಅದರಲ್ಲಿದ್ದುದು ಸಿದ್ಧ ಲಯಗಳು ಮಾತ್ರ. 1978ರ ರೋಲ್ಯಾಂಡ್ ಸಿಆರ್-78 ಯಂತ್ರದಲ್ಲಿ ಬಳಕೆದಾರರು ತಮ್ಮದೇ ವಿನ್ಯಾಸಗಳನ್ನು ಉಳಿಸಿಡಬಹುದಾಗಿತ್ತು.

1980ರಲ್ಲಿ ರೋಜರ್ ಲಿನ್ ರೂಪಿಸಿದ ಎಲ್‌ಎಂ-1 ನಿಜವಾದ ಡ್ರಮ್‌ಗಳ ಮುದ್ರಿತ ಧ್ವನಿಯನ್ನೇ ಬಳಸಿತು. ಅದರ ಬೆಲೆ ಸುಮಾರು 5,000 ಡಾಲರ್. ಸ್ಮೃತಿ ಚಿಪ್‌ಗಳು ಆಗ ಬಲು ದುಬಾರಿಯಾಗಿದ್ದುದರಿಂದ, ದೀರ್ಘಕಾಲ ಮೊಳಗುವ ಸಿಂಬಲ್ ಧ್ವನಿಯನ್ನು ಅದರಲ್ಲಿ ಸೇರಿಸಿರಲಿಲ್ಲ. ಅದೇ ವರ್ಷ ಬಂದ ರೋಲ್ಯಾಂಡ್ ಟಿಆರ್-808ರ ಬೆಲೆ 1,195 ಡಾಲರ್. ವಿದ್ಯುನ್ಮಂಡಲಗಳಿಂದ ಹುಟ್ಟಿದ ಅದರ ಧ್ವನಿ ನಿಜವಾದ ಡ್ರಮ್ಮಿನಂತಿಲ್ಲವೆಂಬ ಆಕ್ಷೇಪವಿತ್ತು. 1983ರಲ್ಲಿ ಅದರ ತಯಾರಿಕೆಯೂ ನಿಂತಿತು. ಅನಂತರ ಅಗ್ಗದ ದರಕ್ಕೆ ಮಾರಾಟವಾದ ಹಳೆಯ 808ಗಳೇ ಹಿಪ್‌ಹಾಪ್ ಮತ್ತು ಎಲೆಕ್ಟ್ರಾನಿಕ್ ನೃತ್ಯಸಂಗೀತಗಳ ಬುನಾದಿಯಾದವು. ಭಾರತದಲ್ಲಿ ಚರಣ್‌ಜಿತ್ ಸಿಂಗ್ ಅವರು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಅಳವಡಿಸಿದ ಧ್ವನಿಮುದ್ರಿಕೆಯಲ್ಲಿ ಇದೇ ಯಂತ್ರವನ್ನು ಬಳಸಿದ್ದರು.

ಕಾರ್ಯವಿಧಾನ

ಧ್ವನಿ ಹುಟ್ಟುವ ಬಗೆ ಎರಡು. ಅನಲಾಗ್ ಯಂತ್ರವು ವಿದ್ಯುನ್ಮಂಡಲಗಳಿಂದ ಧ್ವನಿಯನ್ನು ಸೃಷ್ಟಿಸುತ್ತದೆ. ಸ್ಯಾಂಪಲ್ ಯಂತ್ರವು ಮುದ್ರಿತ ಧ್ವನಿಯನ್ನು ಮತ್ತೆ ನುಡಿಸುತ್ತದೆ. ಜಾನಪದ ಅಥವಾ ಭಾವಗೀತೆಯ ಹಿನ್ನೆಲೆಗೆ ಸಹಜವಾದ ಡ್ರಮ್ ಧ್ವನಿ ಬೇಕಿದ್ದಲ್ಲಿ ಸ್ಯಾಂಪಲ್ ಯಂತ್ರವೂ, ನೃತ್ಯಸಂಗೀತಕ್ಕೆ ಅನಲಾಗ್ ಯಂತ್ರವೂ ಹೆಚ್ಚು ಹೊಂದುತ್ತವೆ.

ಲಯವನ್ನು ಸಾಮಾನ್ಯವಾಗಿ 16 ಹೆಜ್ಜೆಗಳ ಸಾಲಾಗಿ ತುಂಬಲಾಗುತ್ತದೆ. ನಿಮಿಷಕ್ಕೆ 120 ಬಡಿತಗಳ ವೇಗದಲ್ಲಿ ಒಂದು ಬಡಿತಕ್ಕೆ ಅರ್ಧ ಸೆಕೆಂಡು. ಬಡಿತಕ್ಕೆ ನಾಲ್ಕು ಹೆಜ್ಜೆಗಳಂತೆ 16 ಹೆಜ್ಜೆಗಳ ಸಾಲು ಎರಡು ಸೆಕೆಂಡುಗಳಲ್ಲಿ ಮುಗಿದು ಮರಳಿ ಆರಂಭವಾಗುತ್ತದೆ.

ಕಡಿಮೆ ವೆಚ್ಚದ ಯಂತ್ರದ ಆಯ್ಕೆ

ಧ್ವನಿಗಳ ಸಂಖ್ಯೆಯೊಂದನ್ನೇ ನೋಡಿ ಯಂತ್ರವನ್ನು ಕೊಳ್ಳುವುದು ಸರಿಯಲ್ಲ. ಧ್ವನಿಮುದ್ರಣದ ದೃಷ್ಟಿಯಿಂದ ಗಮನಿಸಬೇಕಾದ ಅಂಶಗಳು ಹೀಗಿವೆ:

ಹೊರದ್ವಾರಗಳು: ಎಲ್ಲ ಧ್ವನಿಗಳೂ ಒಂದೇ ತಂತಿಯಲ್ಲಿ ಹೊರಬಂದರೆ, ಮುದ್ರಣವಾದ ಮೇಲೆ ಕಿಕ್ ಡ್ರಮ್ಮನ್ನು ಮಾತ್ರ ತಗ್ಗಿಸುವುದು ಕಷ್ಟ. ಪ್ರತ್ಯೇಕ ಹೊರದ್ವಾರಗಳಿಲ್ಲದಿದ್ದಲ್ಲಿ, ಯಂತ್ರವನ್ನು ಗಣಕದೊಂದಿಗೆ ಮಿಡಿ ಮೂಲಕ ಹೊಂದಿಸಿ, ಒಂದೊಂದೇ ಧ್ವನಿಯನ್ನು ಬೇರೆ ಬೇರೆ ಬಾರಿ ಮುದ್ರಿಸಬಹುದು.

ಮಿಡಿ ಅಥವಾ ಯುಎಸ್‌ಬಿ: ಗಣಕದ ವೇಗ ಮತ್ತು ಯಂತ್ರದ ವೇಗ ಒಂದಾಗಿರಲು ಇದು ಅಗತ್ಯ. ಇದಿಲ್ಲದಿದ್ದರೆ ಹಾಡು ಸಾಗಿದಂತೆ ಲಯ ಜಾರುತ್ತದೆ.

ಹಾಡಿನ ಜೋಡಣೆ: ಪಲ್ಲವಿ, ಚರಣಗಳಿಗೆ ತಕ್ಕ ವಿನ್ಯಾಸಗಳನ್ನು ಸಾಲಾಗಿ ಪೋಣಿಸುವ ಸೌಲಭ್ಯವಿದ್ದರೆ ಇಡೀ ಹಾಡನ್ನು ಒಮ್ಮೆಗೇ ನುಡಿಸಬಹುದು.

ಹೆಜ್ಜೆಗಳ ಸಂಖ್ಯೆ: ಎಣಿಕೆಗೆ ಎರಡು ಹೆಜ್ಜೆಗಳಂತೆ ಆದಿತಾಳದ ಒಂದು ಆವರ್ತ 16 ಹೆಜ್ಜೆಗಳಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಏಳು ಎಣಿಕೆಯ ಮಿಶ್ರಚಾಪಿಗೆ 14, ಐದು ಎಣಿಕೆಯ ಖಂಡಚಾಪಿಗೆ 10 ಹೆಜ್ಜೆಗಳು ಬೇಕು. ಸಾಲಿನ ಉದ್ದವನ್ನು ಬದಲಾಯಿಸಲಾಗದ ಯಂತ್ರದಲ್ಲಿ ಹಾಡನ್ನೇ ಯಂತ್ರಕ್ಕೆ ಬಗ್ಗಿಸಬೇಕಾಗುತ್ತದೆ.

ಬಲದ ಏರಿಳಿತ: ಪ್ರತಿಯೊಂದು ಪೆಟ್ಟೂ ಒಂದೇ ಬಲದಲ್ಲಿ ಬಿದ್ದರೆ ಲಯ ನಿರ್ಜೀವವೆನಿಸುತ್ತದೆ. ಬೆರಳಿನ ಒತ್ತಡವನ್ನು ಗುರುತಿಸುವ ಗುಂಡಿಗಳಿರುವುದು ಒಳ್ಳೆಯದು.

ಉದಾಹರಣೆಗೆ, 1990ರ ದಶಕದ ಆರಂಭದಲ್ಲಿ ಬಂದ ಅಲೆಸಿಸ್ ಎಸ್‌ಆರ್-16ರಲ್ಲಿ 233 ಧ್ವನಿಗಳು, ಒತ್ತಡ ಗುರುತಿಸುವ ಗುಂಡಿಗಳು, ನಾಲ್ಕು ಹೊರದ್ವಾರಗಳು ಹಾಗೂ ಹಾಡಿನ ಜೋಡಣೆಯ ಸೌಲಭ್ಯವಿದೆ. 2013ರ ಕೊರ್ಗ್ ವೋಲ್ಕಾ ಬೀಟ್ಸ್ ಚಿಕ್ಕದು, ಬ್ಯಾಟರಿಯಿಂದಲೂ ನಡೆಯುತ್ತದೆ, ಅದರ ಮುಖ್ಯ ಧ್ವನಿಗಳು ಅನಲಾಗ್. ಆದರೆ ಹತ್ತೂ ಧ್ವನಿಗಳಿಗೆ ಹೆಡ್‌ಫೋನಿನ ಒಂದೇ ದ್ವಾರವಿದೆ. ಇಡೀ ಹಾಡು ಜೋಡಿಸುವವರಿಗೆ ಮೊದಲನೆಯದು, ಲಯವನ್ನು ಕೈಯಲ್ಲೇ ಬದಲಿಸುತ್ತ ಹುಡುಕುವವರಿಗೆ ಎರಡನೆಯದು ಅನುಕೂಲ.

ಬಳಸಿದ ಯಂತ್ರಗಳು

ಬಳಸಿದ ಯಂತ್ರವನ್ನು ಕೊಳ್ಳುವಾಗ ಪ್ರತಿಯೊಂದು ಗುಂಡಿಯನ್ನೂ ಹೊರದ್ವಾರವನ್ನೂ ಪರೀಕ್ಷಿಸಬೇಕು. ಹಳೆಯ ಹಲವು ಯಂತ್ರಗಳಲ್ಲಿ ವಿನ್ಯಾಸಗಳನ್ನು ಒಳಗಿನ ಬ್ಯಾಟರಿಯೇ ಉಳಿಸುತ್ತದೆ. ಅದು ಕ್ಷೀಣಿಸಿದ್ದರೆ, ವಿದ್ಯುತ್ ನಿಲ್ಲಿಸಿದೊಡನೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಅಮೆರಿಕದಿಂದ ತಂದ ಯಂತ್ರವು 120 ವೋಲ್ಟಿನದಾಗಿದ್ದರೆ ಭಾರತದ 230 ವೋಲ್ಟಿಗೆ ನೇರವಾಗಿ ಜೋಡಿಸಬಾರದು.

ಪರ್ಯಾಯಗಳು

ಗಣಕವನ್ನು ಹೊಂದಿರುವವರು ಹೈಡ್ರೋಜನ್ ಎಂಬ ಉಚಿತ, ಮುಕ್ತ ತಂತ್ರಾಂಶದಲ್ಲಿ ಹೆಜ್ಜೆಗಳನ್ನು ತುಂಬಲು ಕಲಿಯಬಹುದು. ಹಣ ವ್ಯಯಿಸುವ ಮೊದಲು ತಮಗೆ ನಿಜವಾಗಿ ಬೇಕಾದ ಸೌಲಭ್ಯಗಳು ಯಾವುವೆಂದು ಅದರಿಂದ ತಿಳಿಯುತ್ತದೆ. ಶಾಸ್ತ್ರೀಯ ಸಂಗೀತದ ಅಭ್ಯಾಸಕ್ಕಾದರೆ, ಬೆಂಗಳೂರಿನ ರಾಡೆಲ್ ಮೊದಲಾದ ಸಂಸ್ಥೆಗಳು ತಯಾರಿಸಿದ ಎಲೆಕ್ಟ್ರಾನಿಕ್ ತಬಲಾ ಮತ್ತು ತಾಳ ಯಂತ್ರಗಳು ಹೆಚ್ಚು ಸೂಕ್ತ. ಅವುಗಳಲ್ಲಿ ಭಾರತೀಯ ತಾಳಗಳೇ ಸಿದ್ಧವಾಗಿರುತ್ತವೆ.