ಚಿತ್ರ ಮುಗಿದ ಮೇಲೆ ಉಳಿಯುವ ಪ್ರಶ್ನೆ

ಭದ್ರಾವತಿಯ ನ್ಯೂ ಟೌನಿನಲ್ಲಿ ಒಂದು ಕಾಲಕ್ಕೆ ಹೊಸ ಚಿತ್ರದ ಹಣೆಬರಹ ಎರಡೇ ದಿನದಲ್ಲಿ ಇತ್ಯರ್ಥವಾಗುತ್ತಿತ್ತು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ ಮೂರು ಪಾಳಿ. ಬೆಳಗಿನ ಪಾಳಿ ಮುಗಿಸಿದವರು ಸಂಜೆಯ ಆಟಕ್ಕೆ ಹೋಗಿ ಬಂದರೆ ಮರುದಿನ ಗೇಟಿನ ಬಳಿ ತೀರ್ಪು ಹೊರಬೀಳುತ್ತಿತ್ತು: ‘ಫಸ್ಟ್ ಹಾಫ್ ಪರವಾಗಿಲ್ಲ, ಆಮೇಲೆ ಎಳೀತಾನೆ ಮಾರಾಯ.’ ಅಷ್ಟೇ ಸಾಕು. ಪೋಸ್ಟರು, ಜಾಹೀರಾತು ಯಾವುದೂ ಆ ಮಾತಿನ ಮುಂದೆ ನಿಲ್ಲುತ್ತಿರಲಿಲ್ಲ.

ಈ ಕಾರ್ಖಾನೆಯಲ್ಲಿ ದುಡಿಯುತ್ತ ನಾಟಕದ ಹುಚ್ಚು ಹಚ್ಚಿಕೊಂಡ ದೊಡ್ಡಣ್ಣ ಮುಂದೆ ಕನ್ನಡ ಚಿತ್ರರಂಗದ ಬೇಡಿಕೆಯ ನಟರಾದರು. ಇದೇ ಭದ್ರಾವತಿಯಿಂದ ಹೋದ ಎಸ್. ನಾರಾಯಣ್ ಗಾಂಧಿನಗರದ ಯಶಸ್ವಿ ನಿರ್ದೇಶಕರ ಸಾಲಿಗೆ ಸೇರಿದರು. ಅದೇ ಜಿಲ್ಲೆಯ ಮತ್ತೊಂದು ತುದಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಹುಟ್ಟಿದವರು ಗಿರೀಶ್ ಕಾಸರವಳ್ಳಿ. ಒಂದು ಕಡೆ ಉಕ್ಕಿನ ಊರು, ಇನ್ನೊಂದು ಕಡೆ ಅಡಿಕೆಯ ತೋಟ. ಒಬ್ಬರದು ಗಲ್ಲಾಪೆಟ್ಟಿಗೆಯ ದಾರಿ, ಇನ್ನೊಬ್ಬರದು ಪ್ರಶಸ್ತಿಯ ದಾರಿ ಎಂದು ಹಣೆಪಟ್ಟಿ ಹಚ್ಚಿ ಸುಮ್ಮನಾಗುವುದು ಸುಲಭ. ಆದರೆ ಹೊಸ ಚಿತ್ರದೊಂದಿಗೆ ಬಂದ ಈ ಎರಡು ಬಗೆಯ ನಿರ್ದೇಶಕರಿಗೆ ನಾವು ಕೇಳುತ್ತ ಬಂದ ಪ್ರಶ್ನೆಗಳೇನು? ಅಲ್ಲಿದೆ ಕನ್ನಡ ಪ್ರೇಕ್ಷಕನ ನಿಜವಾದ ಕಥೆ.

ಹೆಗ್ಗೋಡಿನ ಪಾಠ

ನಿರ್ದೇಶಕನ ಜೊತೆ ಪ್ರೇಕ್ಷಕ ಮಾತನಾಡಬಹುದು ಎಂಬುದನ್ನು ಈ ಜಿಲ್ಲೆಗೆ ಕಲಿಸಿದ್ದು ಸಾಗರದ ಹತ್ತಿರದ ಹೆಗ್ಗೋಡು. ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಕುರಸಾವಾನ ‘ರಶೋಮನ್’, ಡಿ ಸಿಕಾನ ‘ಬೈಸಿಕಲ್ ಥೀವ್ಸ್’, ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯಂಥ ಚಿತ್ರಗಳನ್ನು ಅಡಿಕೆ ಬೆಳೆಗಾರರು, ಕೂಲಿಕಾರರು ಕೂತು ನೋಡಿದರು. ಪುಣೆಯಿಂದ ಸತೀಶ್ ಬಹಾದ್ದೂರ್, ಪಿ.ಕೆ. ನಾಯರ್ ಅವರಂಥವರು ಬೆಂಬಲಕ್ಕೆ ನಿಂತರು. ‘ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುತ್ತದೆಯೇ’ ಎಂದು ಮೂಗು ಮುರಿದವರಿಗೆ ಉತ್ತರ ಬೇಕಿದ್ದರೆ 2012ರ ಸಾಕ್ಷ್ಯಚಿತ್ರ ‘ಸೆಲ್ಯುಲಾಯ್ಡ್ ಮ್ಯಾನ್’ ನೋಡಬೇಕು. ನಾಯರ್ ಕುರಿತಾದ ಆ ಚಿತ್ರದಲ್ಲಿ ಹೆಗ್ಗೋಡಿನ ಜನ ದಶಕಗಳ ಹಿಂದೆ ನೋಡಿದ ಚಿತ್ರಗಳನ್ನು ನೆನೆಯುತ್ತಾರೆ.

ಇಲ್ಲಿ ಚಿತ್ರ ಮುಗಿದ ಮೇಲೆ ಯಾರೂ ಚಪ್ಪಲಿ ಹುಡುಕಿ ಹೊರಡುತ್ತಿರಲಿಲ್ಲ, ಮಾತು ಶುರುವಾಗುತ್ತಿತ್ತು. ಆ ಪಾತ್ರ ಹಾಗೇಕೆ ಮಾಡಿತು, ಕ್ಯಾಮೆರಾ ಅಲ್ಲೇ ಏಕೆ ನಿಂತಿತು ಎಂದು ಕೇಳುವ ಅಭ್ಯಾಸ ಬೆಳೆಯಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ದೊಡ್ಡ ನಗರಗಳು ಹೆಗ್ಗೋಡಿನತ್ತ ತಿರುಗಿ ನೋಡಿದವು.

‘ಕಾದಂಬರಿಯಲ್ಲಿ ಹೀಗಿಲ್ಲವಲ್ಲ!’

ಸುಬ್ಬಣ್ಣನವರ ಸೋದರಳಿಯ ಕಾಸರವಳ್ಳಿ ಬಾಲ್ಯದಲ್ಲಿ ಕಂಡದ್ದು ಊರಿಗೆ ಅಪರೂಪಕ್ಕೆ ಬರುತ್ತಿದ್ದ ಟೂರಿಂಗ್ ಟಾಕೀಸು. ಔಷಧ ಶಾಸ್ತ್ರ ಓದಿದ ಮೇಲೆ ಪುಣೆಯ ಚಲನಚಿತ್ರ ಸಂಸ್ಥೆ ಸೇರಿದರು. ಯು.ಆರ್. ಅನಂತಮೂರ್ತಿಯವರ ಕಥೆ ಆಧರಿಸಿ 1977ರಲ್ಲಿ ಅವರು ಮಾಡಿದ ಮೊದಲ ಚಿತ್ರ ‘ಘಟಶ್ರಾದ್ಧ’ಕ್ಕೇ ಸ್ವರ್ಣಕಮಲ ಬಂತು. ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಸೇರಿ ಆ ಗೌರವ ಅವರಿಗೆ ದಕ್ಕಿದ್ದು ನಾಲ್ಕು ಬಾರಿ.

ಸಾಹಿತ್ಯ ಕೃತಿಯನ್ನು ತೆರೆಗೆ ತರುವ ನಿರ್ದೇಶಕನಿಗೆ ಕನ್ನಡದಲ್ಲಿ ತಪ್ಪದ ಪ್ರಶ್ನೆಯೊಂದಿದೆ: ‘ಕಾದಂಬರಿಯಲ್ಲಿ ಹೀಗಿಲ್ಲವಲ್ಲ!’ ಚಿತ್ರವೆಂದರೆ ಕೃತಿಯ ಅನುವಾದವಲ್ಲ, ತನ್ನ ಕಾಲದಲ್ಲಿ ನಿಂತು ಮಾಡುವ ಮರುಓದು ಎಂಬುದು ಕಾಸರವಳ್ಳಿ ಅವರ ನಿಲುವು. ‘ದ್ವೀಪ’ವನ್ನೇ ನೋಡಿ. ಮೂಲ ಕಾದಂಬರಿ ಸಾಗರದ ನಾ. ಡಿಸೋಜ ಅವರದು. ಅಣೆಕಟ್ಟಿನ ನೀರಿಗೆ ಊರು, ಗದ್ದೆ, ದೇವಸ್ಥಾನ ಮುಳುಗುವುದನ್ನು ಶರಾವತಿ ಸೀಮೆಯಲ್ಲಿ ಕಣ್ಣಾರೆ ಕಂಡ ಲೇಖಕ ಅವರು. ಚಿತ್ರದಲ್ಲಿ ಏರುವ ನೀರಿನ ನಡುವೆ ಮನೆಯನ್ನು ಉಳಿಸಿಕೊಳ್ಳುವವಳು ಸೌಂದರ್ಯ ಅಭಿನಯಿಸಿದ ನಾಗಿ. ಕೊನೆಗೆ ಗಂಡ ಗಣಪ ಅದರ ಶ್ರೇಯಸ್ಸನ್ನು ದೇವರಿಗೆ ಒಪ್ಪಿಸಿಬಿಡುತ್ತಾನೆ. ಮುಳುಗಡೆಯ ಕಥೆ ಹೆಣ್ಣಿನ ಕಥೆಯೂ ಆಗುವುದು ಇಲ್ಲಿ.

2008ರ ‘ಗುಲಾಬಿ ಟಾಕೀಸು’ ಇನ್ನೂ ಒಳ್ಳೆಯ ಉದಾಹರಣೆ. ವೈದೇಹಿಯವರ ಕಥೆಯಲ್ಲಿ ಸಣ್ಣ ಊರಿಗೆ ಬರುವುದು ಟಾಕೀಸು. ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಬರುವುದು ಡಿಶ್ ಹಾಕಿಸಿದ ಟಿ.ವಿ. ನೆರೆಹೊರೆಯ ಹೆಂಗಸರೆಲ್ಲ ಆಕೆಯ ಮನೆಯಲ್ಲಿ ನೆರೆಯುತ್ತಾರೆ. ಆದರೆ ಅದು ಕಾರ್ಗಿಲ್ ಯುದ್ಧದ ಹೊತ್ತು. ನಿನ್ನೆಯವರೆಗೆ ಜೊತೆಗೆ ಕೂತವರಿಗೆ ಗುಲಾಬಿ ಮುಸ್ಲಿಂ ಹೆಂಗಸೆಂಬುದು ನೆನಪಾಗತೊಡಗುತ್ತದೆ. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಇದು. ಟಾಕೀಸು ಹೋಗಿ ಟಿ.ವಿ. ಏಕೆ ಬಂತು ಎಂಬ ಪ್ರಶ್ನೆಗೆ ಚಿತ್ರವೇ ಉತ್ತರ.

‘ಎಷ್ಟು ದಿನ ಓಡಿತು?’

ನಾರಾಯಣ್ ಅವರಂಥ ನಿರ್ದೇಶಕರಿಗೆ ಎದುರಾಗುವ ಪ್ರಶ್ನೆಯೇ ಬೇರೆ. 1992ರಲ್ಲಿ ಹೊಸ ಮುಖ ರಘುವೀರ್ ಅವರನ್ನು ನಾಯಕನನ್ನಾಗಿಸಿ ‘ಚೈತ್ರದ ಪ್ರೇಮಾಂಜಲಿ’ ಮಾಡಿದಾಗ ಹಂಸಲೇಖ ಅವರ ಹಾಡುಗಳು ಕ್ಯಾಸೆಟ್ಟುಗಳಲ್ಲಿ ಮನೆಮನೆ ತಲುಪಿದವು. ಖಾದಿ ನಂಬಿದ ತಂದೆ ಮತ್ತು ಭಯೋತ್ಪಾದಕನಾದ ಮಗನ ಕಥೆ ‘ವೀರಪ್ಪ ನಾಯ್ಕ’ 1999ರಲ್ಲಿ ಬಂತು. ಡಾ. ರಾಜಕುಮಾರ್ ಕೊನೆಯದಾಗಿ ನಾಯಕರಾದ ‘ಶಬ್ದವೇಧಿ’ (2000) ಇವರದೇ ನಿರ್ದೇಶನ. ‘ಚಂದ್ರ ಚಕೋರಿ’ಯಲ್ಲಿ ಶ್ರೀಮುರಳಿ ನಾಯಕರಾದರು.

ಇಷ್ಟು ವೈವಿಧ್ಯದ ನಿರ್ದೇಶಕನನ್ನು ಕೇಳುವುದು ಮಾತ್ರ ಎರಡೇ ಮಾತು: ಎಷ್ಟು ದಿನ ಓಡಿತು? ಸ್ವಮೇಕೋ ರೀಮೇಕೋ? 2007ರ ‘ಚೆಲುವಿನ ಚಿತ್ತಾರ’ ತಮಿಳಿನ ‘ಕಾದಲ್’ ಚಿತ್ರದ ರೀಮೇಕು ಎಂದು ಹೇಳಿ ಮುಗಿಸಿದರು. ಪ್ರೀತಿಸಿ ಊರು ಬಿಟ್ಟ ಹುಡುಗ ಹುಡುಗಿಯನ್ನು ಮನೆಯವರು, ಸಮಾಜ ಸೇರಿ ಅಗಲಿಸುವ, ಹುಡುಗನ ಬುದ್ಧಿಯೇ ಕೆಡುವ ಕಥೆಗೆ ಜನ ಮುಗಿಬಿದ್ದರು. ಸುಖಾಂತವಿಲ್ಲದ ಚಿತ್ರ ನಮ್ಮಲ್ಲಿ ಓಡುವುದಿಲ್ಲ ಎಂಬ ಗಾಂಧಿನಗರದ ನಂಬಿಕೆ ಅಂದು ಏನಾಯಿತು? ಅದನ್ನು ಕೇಳಿದವರು ಕಡಿಮೆ.

ಪರಿಣಾಮ ಎರಡೂ ಕಡೆ ನಷ್ಟ. ಜನಪ್ರಿಯ ಚಿತ್ರದ ನಿರ್ದೇಶಕನನ್ನು ಯಾರೂ ‘ಏಕೆ’ ಎಂದು ಕೇಳುವುದಿಲ್ಲ. ಕಲಾತ್ಮಕ ಚಿತ್ರದವನನ್ನು ಯಾರೂ ‘ಎಷ್ಟು ದಿನ’ ಎಂದು ಕೇಳುವುದಿಲ್ಲ, ಏಕೆಂದರೆ ಅವನ ಚಿತ್ರ ಊರಿಗೆ ಬಂದೇ ಇರುವುದಿಲ್ಲ. ಪ್ರಶಸ್ತಿಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಚಿತ್ರ ಮಾತ್ರ ಜಿಲ್ಲಾ ಕೇಂದ್ರದ ಟಾಕೀಸಿಗೂ ಬರುವುದಿಲ್ಲ ಎಂಬ ದೂರು ಹಳೆಯದು, ನ್ಯಾಯವಾದದ್ದೂ ಹೌದು.

ಓದುಗರೇ ನಿರ್ಮಾಪಕರು

ಇತ್ತೀಚಿನ ವರ್ಷಗಳಲ್ಲಿ ಈ ಗೋಡೆಯಲ್ಲಿ ಸಣ್ಣ ಬಿರುಕು ಕಾಣಿಸಿದೆ. ಪವನ್ ಕುಮಾರ್ 2013ರಲ್ಲಿ ‘ಲೂಸಿಯಾ’ವನ್ನು ಪ್ರೇಕ್ಷಕರಿಂದಲೇ ಹಣ ಕೂಡಿಸಿ ತೆರೆಗೆ ತಂದರು. 2023ರಲ್ಲಿ ಶಶಾಂಕ್ ಸೋಗಾಲ್ ನಿರ್ದೇಶಿಸಿದ ‘ಡೇರ್‌ಡೆವಿಲ್ ಮುಸ್ತಫಾ’ಕ್ಕೆ ಬಂಡವಾಳ ಹಾಕಿದವರು ಪೂರ್ಣಚಂದ್ರ ತೇಜಸ್ವಿಯವರ ಓದುಗರು. ಕಥೆಯನ್ನು ಬಲ್ಲವರೇ ನಿರ್ಮಾಪಕರಾದಾಗ ನಿರ್ದೇಶಕನಿಗೆ ಪ್ರಶ್ನೆಗಳು ಬರುವುದು ಚಿತ್ರ ಮುಗಿದ ಮೇಲಲ್ಲ, ಮೊದಲೇ. ಕಾಲೇಜಿಗೆ ಬಂದ ಮುಸ್ಲಿಂ ಹುಡುಗನನ್ನು ಕಂಡು ಉಳಿದವರು ಬೆಚ್ಚುವ ಆ ಕಥೆ, ನಗಿಸುತ್ತಲೇ ನೋಡುಗನನ್ನು ಚುಚ್ಚುತ್ತದೆ. ಟಾಕೀಸಿನಲ್ಲಿ ಸೀಟಿಯೂ ಬಿತ್ತು, ಹೊರಗೆ ಚರ್ಚೆಯೂ ನಡೆಯಿತು.

ಇನ್ನೊಂದು ಸಂತಸದ ಸಂಗತಿ 2024ರದ್ದು. ಬಣ್ಣವಿಲ್ಲದ ‘ಘಟಶ್ರಾದ್ಧ’ವನ್ನು ಚೌಕಟ್ಟು ಚೌಕಟ್ಟಾಗಿ ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಆ ಕೆಲಸಕ್ಕೆ ಕೈಜೋಡಿಸಿದ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಸ್ಥಾಪಿಸಿದವರು ‘ಸೆಲ್ಯುಲಾಯ್ಡ್ ಮ್ಯಾನ್’ ನಿರ್ದೇಶಿಸಿದ ಶಿವೇಂದ್ರ ಸಿಂಗ್ ಡುಂಗರ್‌ಪುರ್. ಹೆಗ್ಗೋಡಿನ ಪ್ರೇಕ್ಷಕರ ಮಾತು ಕೇಳಿ ಹೋದವರೇ ಮಲೆನಾಡಿನ ಚಿತ್ರವೊಂದನ್ನು ಉಳಿಸಲು ಬಂದಂತಾಯಿತು. ಬಸುರಾದ ವಿಧವೆ ಯಮುನಕ್ಕನನ್ನು ಬದುಕಿದ್ದಾಗಲೇ ಶ್ರಾದ್ಧ ಮಾಡಿ ಹೊರಹಾಕುವುದನ್ನು ನೋಡಿ ನಿಂತ ಬಾಲಕ ನಾಣಿ ಈಗ ಇಟಲಿಯವರ ಕಣ್ಣಿಗೂ ಬಿದ್ದಿದ್ದಾನೆ.

ವೆನಿಸ್ಸಿಗೆ ಹೋದ ಚಿತ್ರ ನ್ಯೂ ಟೌನಿಗೂ ಬರಬೇಡವೇ? ಬಂದರೆ ಕಾರ್ಖಾನೆ ಊರಿನವರು ಎಂದಿನಂತೆ ಖಡಾಖಂಡಿತ ತೀರ್ಪು ಕೊಡಲಿ, ಎಳೆದಿದ್ದರೆ ಎಳೆದಿದೆ ಎನ್ನಲಿ. ಅದರ ಜೊತೆಗೆ ‘ಏಕೆ’ ಎಂದೂ ಕೇಳಲಿ. ಮುಂದಿನ ಜನಪ್ರಿಯ ಚಿತ್ರದ ನಿರ್ದೇಶಕ ಬಂದಾಗ ಅವನಿಗೂ ಅದೇ ಪ್ರಶ್ನೆ ಇರಲಿ. ಒಳ್ಳೆಯ ಪ್ರಶ್ನೆ ಕೇಳುವ ಪ್ರೇಕ್ಷಕನಿದ್ದಾನೆಂದು ಗೊತ್ತಾದರೆ ನಿರ್ದೇಶಕನ ಮುಂದಿನ ಚಿತ್ರವೇ ಬದಲಾದೀತು.